ಎರಡನೆಯ ದನಿಯ ವಿದ್ಯೆ

ಅಮೆರಿಕದ ದಕ್ಷಿಣ ಭಾಗದ ಬೆಟ್ಟಸೀಮೆಗಳಲ್ಲಿ ಬೆಳೆದ ಜಾನಪದ ಹಾಡುಗಾರಿಕೆಯಲ್ಲೂ ಅದರಿಂದ ಹುಟ್ಟಿ ಇಪ್ಪತ್ತನೆಯ ಶತಮಾನದಲ್ಲಿ ದೂರದೂರದ ದೇಶಗಳಿಗೆ ಹಬ್ಬಿದ ಕಂಟ್ರಿ ಸಂಗೀತದಲ್ಲೂ ಇಬ್ಬರು ಅಥವಾ ಮೂವರು ಗಾಯಕರು ಒಂದೇ ಸಾಹಿತ್ಯವನ್ನು ಒಂದೇ ಕಾಲಕ್ಕೆ ಹಾಡುತ್ತಲೇ ಬೇರೆ ಬೇರೆ ಸ್ವರಗಳನ್ನು ಹಿಡಿಯುವ ಪದ್ಧತಿಯೊಂದಿದೆ. ಹಾರ್ಮನಿ ಎಂದು ಕರೆಯಲಾಗುವ ಈ ಪದ್ಧತಿಯಲ್ಲಿ ಒಬ್ಬರು ಹಾಡಿನ ಮೂಲ ಧಾಟಿಯನ್ನು ಹಾಡಿದರೆ, ಇನ್ನೊಬ್ಬರು ಅದಕ್ಕಿಂತ ಮೇಲಿನ ಅಥವಾ ಕೆಳಗಿನ ಸ್ವರಗಳಲ್ಲಿ ನಿಂತು, ಅಕ್ಷರಕ್ಕೆ ಅಕ್ಷರ ಜೊತೆಗೂಡುತ್ತ, ತಮ್ಮದೇ ಆದ ಇನ್ನೊಂದು ಧಾಟಿಯನ್ನು ಹೆಣೆಯುತ್ತಾರೆ. ಕನ್ನಡದ ಕಿವಿಗೆ ಇದು ಅಷ್ಟಾಗಿ ರೂಢಿಯಾದ ಅನುಭವವಲ್ಲ. ಸೋಬಾನೆ ಪದದಲ್ಲಿ ಕೆಲವರು ಹೇಳಿದ ಸಾಲನ್ನು ಉಳಿದವರು ಅದೇ ಧಾಟಿಯಲ್ಲಿ ಎತ್ತಿಕೊಳ್ಳುತ್ತಾರೆ. ಭಜನೆಯಲ್ಲಿ ಹತ್ತಾರು ಕಂಠಗಳು ಒಂದೇ ಸ್ವರಕ್ಕೆ ಬಂದು ಸೇರುತ್ತವೆ. ಚಲನಚಿತ್ರದ ಯುಗಳಗೀತೆಗಳಲ್ಲಿ ಗಾಯಕ ಗಾಯಕಿಯರು ಸಾಮಾನ್ಯವಾಗಿ ಸರದಿಯ ಮೇಲೆ ಹಾಡಿ, ಪಲ್ಲವಿಯಲ್ಲಿ ಕೂಡಿಕೊಂಡಾಗಲೂ ಹೆಚ್ಚಾಗಿ ಒಂದೇ ಧಾಟಿಯನ್ನು ಹಿಡಿಯುತ್ತಾರೆ. ಆದುದರಿಂದ ಕಂಟ್ರಿ ಹಾಡನ್ನು ಮೊದಲ ಸಲ ಕೇಳುವವರ ಗಮನವು ಸಹಜವಾಗಿಯೇ ಮೂಲ ಧಾಟಿಯ ಮೇಲೆ ನೆಲೆಸಿ, ಎರಡನೆಯ ದನಿಯನ್ನು ಹಿನ್ನೆಲೆಯ ಅಲಂಕಾರವೆಂದು ಬದಿಗಿಡುತ್ತದೆ. ಆದರೆ ಈ ಪರಂಪರೆಯಲ್ಲಿ ವಿದ್ಯೆಯ ದೊಡ್ಡ ಪಾಲು ಇರುವುದು ಹಾಗೆ ಬದಿಗೆ ಸರಿಯುವ ಎರಡನೆಯ ದನಿಯಲ್ಲಿಯೇ.

ಆ ದನಿಯ ಕೆಲಸವನ್ನು ನಮ್ಮ ಸಪ್ತಸ್ವರಗಳ ಮೂಲಕವೇ ವಿವರಿಸಬಹುದು. ಶಂಕರಾಭರಣದ ಸ್ವರಗಳಲ್ಲಿ ಮುಖ್ಯ ಗಾಯಕರು ಸ, ರಿ, ಗ, ಮ ಎಂದು ಏರುವಾಗ ಮೇಲಿನ ದನಿಯವರು ಗ, ಮ, ಪ, ದ ಎಂದು ಏರುತ್ತಾರೆಂದು ಇಟ್ಟುಕೊಂಡರೆ, ಇಬ್ಬರ ನಡುವೆ ಸದಾ ಒಂದು ಸ್ವರ ಖಾಲಿಯಾಗಿ ಉಳಿಯುತ್ತದೆ. ಇದು ಕಂಟ್ರಿ ಹಾರ್ಮನಿಯ ಅತ್ಯಂತ ಸರಳವಾದ, ಅತ್ಯಂತ ಹೆಚ್ಚು ಬಳಕೆಯಲ್ಲಿರುವ ರೂಪ. ನೋಡಲು ಯಾಂತ್ರಿಕವೆನಿಸುವ ಈ ಜೋಡಣೆಯಲ್ಲಿ ಒಂದು ಸೂಕ್ಷ್ಮವಿದೆ. ಷಡ್ಜದಿಂದ ಗಾಂಧಾರಕ್ಕೂ ಮಧ್ಯಮದಿಂದ ಧೈವತಕ್ಕೂ ನಾಲ್ಕು ಅರ್ಧಸ್ವರಗಳ ದೂರವಿದ್ದರೆ, ರಿಷಭದಿಂದ ಮಧ್ಯಮಕ್ಕೂ ಗಾಂಧಾರದಿಂದ ಪಂಚಮಕ್ಕೂ ಮೂರೇ ಅರ್ಧಸ್ವರಗಳ ದೂರವಿದೆ. ಪಾಶ್ಚಾತ್ಯ ಸಂಗೀತದಲ್ಲಿ ಮೊದಲನೆಯ ಅಂತರಕ್ಕೆ ಬಿಚ್ಚುಮನಸ್ಸಿನ, ಬೆಳಕಿನ ಭಾವವನ್ನೂ ಎರಡನೆಯದಕ್ಕೆ ಮಂಕಾದ, ವಿಷಾದದ ಭಾವವನ್ನೂ ಆರೋಪಿಸುವ ವಾಡಿಕೆಯಿರುವುದರಿಂದ, ಎರಡು ದನಿಗಳು ಜೊತೆಜೊತೆಯಾಗಿ ನಾಲ್ಕು ಹೆಜ್ಜೆ ಏರುವಷ್ಟರಲ್ಲಿ ಹಾಡು ಬೆಳಕಿನಿಂದ ನೆರಳಿಗೂ ನೆರಳಿನಿಂದ ಬೆಳಕಿಗೂ ದಾಟಿರುತ್ತದೆ. ಒಂಟಿ ಕಂಠವು ಅದೇ ಸ್ವರಗಳನ್ನು ಹಾಡಿದರೆ ಈ ಬಣ್ಣದ ಬದಲಾವಣೆ ಇಷ್ಟು ಸ್ಪಷ್ಟವಾಗಿ ಕೇಳಿಸುವುದಿಲ್ಲ.

ಹಾಗೆಂದು ಎರಡನೆಯ ದನಿಯು ಮೊದಲನೆಯದರ ನೆರಳಿನಂತೆ ಸದಾ ಒಂದೇ ದೂರದಲ್ಲಿ ಸಾಗಲಾರದು. ಹಾಡಿನ ಹಿಂದೆ ಗಿಟಾರ್ ನುಡಿಸುತ್ತಿರುವುದು ಒಂಟಿ ಸ್ವರಗಳನ್ನಲ್ಲ, ಕಾರ್ಡ್ ಎಂದು ಕರೆಯುವ ಸ್ವರಗುಚ್ಛಗಳನ್ನು. ಷಡ್ಜ, ಗಾಂಧಾರ, ಪಂಚಮಗಳು ಒಟ್ಟಿಗೆ ನುಡಿಯುವ ಗುಚ್ಛವು ಅವುಗಳಲ್ಲಿ ಮೂಲಭೂತವಾದದ್ದು. ಈ ಗುಚ್ಛ ನುಡಿಯುತ್ತಿರುವಾಗ ಮುಖ್ಯ ಗಾಯಕರು ಪಂಚಮದಲ್ಲಿ ನಿಂತರೆ, ಲೆಕ್ಕದ ಪ್ರಕಾರ ಮೇಲಿನ ದನಿಯು ನಿಷಾದಕ್ಕೆ ಹೋಗಬೇಕು, ಆದರೆ ನಿಷಾದ ಆ ಗುಚ್ಛಕ್ಕೆ ಸೇರಿದ್ದಲ್ಲ. ಆಗ ಅದು ಇನ್ನೊಂದು ಹೆಜ್ಜೆ ಮೇಲೆ ಹಾರಿ ತಾರಷಡ್ಜವನ್ನು ಹಿಡಿಯಬೇಕು, ಇಲ್ಲವೇ ಬೇರೊಂದು ದಾರಿ ಹುಡುಕಬೇಕು. ಕೆಲವೊಮ್ಮೆ ಮುಖ್ಯ ಧಾಟಿ ಏರಿಳಿಯುತ್ತಿರುವಾಗ ಎರಡನೆಯ ದನಿ ಒಂದೇ ಸ್ವರದಲ್ಲಿ ಅಲುಗದೆ ನಿಲ್ಲುತ್ತದೆ. ಕೆಲವೊಮ್ಮೆ ಮುಖ್ಯ ಧಾಟಿ ನಿಂತಿರುವಾಗ ತಾನು ಚಲಿಸುತ್ತದೆ. ಕೆಲವೊಮ್ಮೆ ಎರಡೂ ಎದುರುಬದುರು ದಿಕ್ಕಿನಲ್ಲಿ ಸರಿದು ಒಂದು ಕ್ಷಣ ಕಿವಿಗೆ ಒರಟಾಗಿ ತಾಗಿ, ಮರುಕ್ಷಣವೇ ಸಮಾಧಾನವಾಗುತ್ತವೆ. ಇವೆಲ್ಲವನ್ನೂ ಕಾಗದದ ಮೇಲೆ ಬರೆದಿಟ್ಟುಕೊಳ್ಳದೆ, ಕಿವಿಯ ಬಲದಿಂದಲೇ, ಜೊತೆಗಾರರ ಬಾಯಿ ಮತ್ತು ಉಸಿರನ್ನು ಗಮನಿಸುತ್ತ ನಿರ್ಧರಿಸುವುದು ಈ ಹಾಡುಗಾರಿಕೆಯ ರೂಢಿ.

ಶ್ರುತಿಯ ವಿಷಯದಲ್ಲಿ ಕನ್ನಡದ ಕೇಳುಗರಿಗೆ ಒಂದು ಅನುಕೂಲವಿದೆ. ಚೆನ್ನಾಗಿ ಶ್ರುತಿಗೂಡಿಸಿದ ತಂಬೂರಿಯ ಮಂದ್ರ ತಂತಿಯಿಂದ, ಯಾರೂ ಮೀಟದ ಅಂತರ ಗಾಂಧಾರವೊಂದು ತಾನಾಗಿಯೇ ಹೊರಡುವುದನ್ನು ಸಂಗೀತಜ್ಞರು ಸ್ವಯಂಭೂ ಗಾಂಧಾರವೆಂದು ಗುರುತಿಸಿದ್ದಾರೆ. ಷಡ್ಜಕ್ಕೂ ಈ ಗಾಂಧಾರಕ್ಕೂ ಕಂಪನಸಂಖ್ಯೆಯಲ್ಲಿ ನಾಲ್ಕಕ್ಕೆ ಐದರ ಸಂಬಂಧವಿದೆ. ಪಿಯಾನೋ ಅಥವಾ ಮೆಟ್ಟಿಲು ಕಟ್ಟಿದ ಗಿಟಾರಿನಲ್ಲಿ ಎಲ್ಲ ಅರ್ಧಸ್ವರಗಳನ್ನೂ ಸಮನಾಗಿ ಹಂಚಿರುವುದರಿಂದ ಅಲ್ಲಿಯ ಗಾಂಧಾರ ಇದಕ್ಕಿಂತ ಕೊಂಚ ಏರಾಗಿರುತ್ತದೆ; ಒಂದು ಅರ್ಧಸ್ವರವನ್ನು ನೂರು ಪಾಲು ಮಾಡಿದರೆ ಆ ಏರು ಸುಮಾರು 14 ಪಾಲಿನಷ್ಟು. ಪಳಗಿದ ಇಬ್ಬರು ಗಾಯಕರು ಗಿಟಾರನ್ನು ಬಿಟ್ಟು ಪರಸ್ಪರರ ದನಿಯನ್ನೇ ಆಧಾರವಾಗಿ ಹಿಡಿದಾಗ, ಎರಡನೆಯ ದನಿಯು ವಾದ್ಯದ ಗಾಂಧಾರದಿಂದ ಕೂದಲೆಳೆಯಷ್ಟು ಇಳಿದು ತಂಬೂರಿಯ ಗಾಂಧಾರದ ಕಡೆಗೆ ಸರಿಯುತ್ತದೆ. ಆಗ ಎರಡೂ ದನಿಗಳ ಉಪಸ್ವರಗಳು, ಅಂದರೆ ಪ್ರತಿ ಸ್ವರದೊಳಗೆ ಅಡಗಿ ಕಂಪಿಸುವ ಮೇಲಿನ ಸ್ವರಗಳು, ಒಂದರೊಡನೊಂದು ತಾಳೆಯಾಗಿ ಬಲಗೊಳ್ಳುತ್ತವೆ, ಕೇಳುವವರಿಗೆ ಮೂರನೆಯ ಕಂಠವೊಂದು ಸೇರಿಕೊಂಡಂತೆ ಭಾಸವಾಗುತ್ತದೆ. ಹಳೆಯ ಕಂಟ್ರಿ ಗಾಯಕರು ದನಿಯನ್ನು ನಡುಗಿಸದೆ, ಗಮಕವನ್ನು ಮಿತಿಯಲ್ಲಿಟ್ಟು, ಗೆರೆ ಎಳೆದಂತೆ ನೇರವಾಗಿ ಹಾಡುತ್ತಿದ್ದುದಕ್ಕೆ ಇದೂ ಒಂದು ಕಾರಣ: ದನಿ ಅಲುಗಿದರೆ ಈ ತಾಳೆ ಕೆಡುತ್ತದೆ.

ಓದುಬರಹದ ಸೌಕರ್ಯವೇ ಕಡಿಮೆಯಿದ್ದ ರೈತಾಪಿ ಜನರಿಗೆ ಇಂಥ ವಿದ್ಯೆ ದೊರೆತದ್ದು ಬಹುಮಟ್ಟಿಗೆ ಹಾಡುಶಾಲೆಗಳಿಂದ. ಹತ್ತೊಂಬತ್ತನೆಯ ಶತಮಾನದಲ್ಲಿ ಊರಿಂದೂರಿಗೆ ತಿರುಗುವ ಸಂಗೀತದ ಮೇಷ್ಟ್ರುಗಳು ಚರ್ಚಿನಲ್ಲೋ ಶಾಲೆಯ ಕೊಠಡಿಯಲ್ಲೋ ಕೆಲವು ದಿನ ಬಿಡಾರ ಹೂಡಿ, ದೊಡ್ಡವರು ಚಿಕ್ಕವರೆನ್ನದೆ ಎಲ್ಲರಿಗೂ ಸ್ವರ ಓದುವುದನ್ನು ಕಲಿಸುತ್ತಿದ್ದರು. ಅವರ ಕೈಯಲ್ಲಿದ್ದ ಪುಸ್ತಕಗಳಲ್ಲಿ ಸ್ವರಚಿಹ್ನೆಯ ತಲೆಯೇ ಅದರ ಹೆಸರನ್ನು ಹೇಳುತ್ತಿತ್ತು: ತ್ರಿಕೋನವೆಂದರೆ ಫಾ, ದುಂಡಗಿದ್ದರೆ ಸೋಲ್, ಚೌಕವಾದರೆ ಲಾ, ವಜ್ರಾಕಾರವಾದರೆ ಮಿ. 1801ರ ಸುಮಾರಿಗೆ ವಿಲಿಯಂ ಲಿಟಲ್ ಮತ್ತು ವಿಲಿಯಂ ಸ್ಮಿತ್ ಅವರ ಪುಸ್ತಕದಲ್ಲಿ ಬಳಕೆಗೆ ಬಂದ ಈ ಉಪಾಯವು ನಗರಗಳ ವಿದ್ಯಾವಂತ ಸಂಗೀತಗಾರರಿಂದ ತಿರಸ್ಕಾರಕ್ಕೊಳಗಾದರೂ ದಕ್ಷಿಣದ ಹಳ್ಳಿಗಳಲ್ಲಿ ಬೇರುಬಿಟ್ಟಿತು. ಜಾರ್ಜಿಯಾ ರಾಜ್ಯದ ಬೆಂಜಮಿನ್ ಫ್ರಾಂಕ್ಲಿನ್ ವೈಟ್ ಮತ್ತು ಇ. ಜೆ. ಕಿಂಗ್ 1844ರಲ್ಲಿ ಹೊರತಂದ ‘ದಿ ಸೇಕ್ರೆಡ್ ಹಾರ್ಪ್’ ಎಂಬ ಸಂಕಲನವು ಇವುಗಳಲ್ಲೆಲ್ಲ ದೀರ್ಘಾಯುವಾಗಿ, ಪರಿಷ್ಕಾರಗಳನ್ನು ಕಾಣುತ್ತ ಇಂದಿಗೂ ಬಳಕೆಯಲ್ಲಿದೆ.

ಸೇಕ್ರೆಡ್ ಹಾರ್ಪ್ ಪದ್ಧತಿಯ ಕೂಟದಲ್ಲಿ ಶ್ರೋತೃಗಳೆಂಬ ವರ್ಗವೇ ಇರುವುದಿಲ್ಲ. ಟ್ರೆಬಲ್, ಆಲ್ಟೋ, ಟೆನರ್, ಬಾಸ್ ಎಂಬ ನಾಲ್ಕು ದನಿಗಳ ಗುಂಪುಗಳು ಚೌಕದ ನಾಲ್ಕು ಬದಿಗಳಲ್ಲಿ ಒಳಮುಖವಾಗಿ ಕೂರುತ್ತವೆ. ಪ್ರತಿ ಹಾಡಿಗೂ ಗುಂಪಿನಿಂದಲೇ ಒಬ್ಬರು ಎದ್ದು ನಡುವೆ ನಿಂತು ಕೈಯಾಡಿಸಿ ತಾಳ ತೋರಿಸುತ್ತಾರೆ. ಮೊದಲು ಸ್ವರಗಳ ಹೆಸರನ್ನೂ ಆಮೇಲೆ ಸಾಹಿತ್ಯವನ್ನೂ ಪೂರ್ಣ ಕಂಠದಲ್ಲಿ, ವಾದ್ಯದ ಹಂಗಿಲ್ಲದೆ ಹಾಡುತ್ತಾರೆ. ಇಲ್ಲಿ ಮೂಲ ಧಾಟಿ ಇರುವುದು ಟೆನರ್ ಸಾಲಿನಲ್ಲಿ. ಆದರೆ ಉಳಿದ ಸಾಲುಗಳು ಅದಕ್ಕೆ ಊಳಿಗ ಮಾಡುವುದಿಲ್ಲ, ಪ್ರತಿಯೊಂದೂ ಬಿಡಿಯಾಗಿ ಹಾಡಿಕೊಳ್ಳಬಹುದಾದಷ್ಟು ಸ್ವತಂತ್ರವಾದ ಧಾಟಿಯಾಗಿರುತ್ತದೆ. ಯುರೋಪಿನ ಪಾಠಪುಸ್ತಕಗಳು ಎರಡು ದನಿಗಳು ಷಡ್ಜ–ಪಂಚಮದ ಅಂತರದಲ್ಲಿ ಒಟ್ಟೊಟ್ಟಿಗೆ ಚಲಿಸುವುದನ್ನು ದೋಷವೆಂದು ನಿಷೇಧಿಸಿದ್ದವು. ಈ ಹಳ್ಳಿಗರು ಅದನ್ನೇ ಧಾರಾಳವಾಗಿ ಮಾಡಿದರು, ಗಾಂಧಾರವನ್ನು ಎಷ್ಟೋ ಕಡೆ ಕೈಬಿಟ್ಟು ಪಂಚಮದ ಬೋಳು ನಾದವನ್ನು ಗಟ್ಟಿಯಾಗಿ ಮೊಳಗಿಸಿದರು. ಈ ತಪ್ಪೇ ಅವರ ಸಂಗೀತದ ಅತ್ಯುತ್ತಮ ಗುಣ ಎನ್ನಲು ಅಡ್ಡಿಯಿಲ್ಲ. ಬೆಟ್ಟದ ಹಾಡಿನಲ್ಲಿ ಕೇಳಿಬರುವ ಕಠಿಣವಾದ, ಪುರಾತನವೆನಿಸುವ ನಾದದ ಒಂದು ಮೂಲ ಅದರಲ್ಲಿದೆ. ಜಾನಪದ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಅವರು 1959ರಲ್ಲಿ ಅಲಬಾಮಾದ ಸ್ಯಾಂಡ್ ಮೌಂಟನ್ ಪ್ರಸ್ಥಭೂಮಿಯ ಫೈಫ್ ಎಂಬ ಊರಿನಲ್ಲಿ ಇಂಥ ಕೂಟವೊಂದನ್ನು ಧ್ವನಿಮುದ್ರಿಸಿಕೊಂಡರು.

ಬೆಟ್ಟಸೀಮೆಯ ಎಲ್ಲ ಚರ್ಚುಗಳೂ ಹಾರ್ಮನಿಯನ್ನು ಒಪ್ಪಿದ್ದವೆಂದು ತಿಳಿಯಬಾರದು. ಕೆಂಟಕಿ ಮತ್ತು ವರ್ಜಿನಿಯಾದ ಕೆಲವು ಹಳೆಯ ಬ್ಯಾಪ್ಟಿಸ್ಟ್ ಪಂಗಡಗಳಲ್ಲಿ ಮುಂದಾಳು ಒಂದು ಸಾಲನ್ನು ಹೇಳಿಕೊಟ್ಟರೆ ಸಭೆಯವರೆಲ್ಲ ಅದನ್ನು ನಿಧಾನವಾಗಿ, ತಮ್ಮ ತಮ್ಮ ಗಮಕಗಳೊಂದಿಗೆ, ಒಂದೇ ಧಾಟಿಯಲ್ಲಿ ಎಳೆದು ಹಾಡುವ ಪದ್ಧತಿ ಉಳಿದುಬಂದಿದೆ. ನಮ್ಮ ಭಜನೆಯ ಕ್ರಮಕ್ಕೆ ಇದು ಹೆಚ್ಚು ಹತ್ತಿರವಾದದ್ದು. ವರ್ಜಿನಿಯಾದ ಗಾಯಕ ರಾಲ್ಫ್ ಸ್ಟ್ಯಾನ್ಲಿ ಅವರು ಬೆಳೆದದ್ದು ವಾದ್ಯಗಳಿಗೆ ಅವಕಾಶವಿಲ್ಲದ ಇಂಥ ವಾತಾವರಣದಲ್ಲಿ. ಮುಂದೆ ಅವರು ಹಾಡಿದ ಮೇಲಿನ ದನಿಯಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ, ಕಂಠದಲ್ಲೇ ಸಣ್ಣ ಮುರಿವುಗಳನ್ನು ಮೂಡಿಸುವ ಗುಣ ಉಳಿದದ್ದಕ್ಕೆ ಆ ಹಿನ್ನೆಲೆಯೇ ಕಾರಣವೆನ್ನಬೇಕು.

ಹೀಗೆ ಚರ್ಚಿನ ಚೌಕದಲ್ಲಿದ್ದ ಹಾರ್ಮನಿ ಗ್ರಾಮಫೋನ್ ತಟ್ಟೆಗೆ ಬಂದ ಪ್ರಸಿದ್ಧ ಸಂದರ್ಭವೆಂದರೆ 1927ರ ಜುಲೈ ಕೊನೆಯಿಂದ ಆಗಸ್ಟ್ ಮೊದಲ ವಾರದವರೆಗೆ ನಡೆದ ಬ್ರಿಸ್ಟಲ್ ಧ್ವನಿಮುದ್ರಣ. ಟೆನೆಸ್ಸಿ ಮತ್ತು ವರ್ಜಿನಿಯಾ ರಾಜ್ಯಗಳ ಗಡಿಯ ಮೇಲೆಯೇ ಇರುವ ಬ್ರಿಸ್ಟಲ್ ಪಟ್ಟಣಕ್ಕೆ ವಿಕ್ಟರ್ ಕಂಪನಿಯ ಪರವಾಗಿ ಬಂದ ರಾಲ್ಫ್ ಪಿಯರ್ ಅವರು ಸುತ್ತಲಿನ ಬೆಟ್ಟಗಳ ಹಾಡುಗಾರರನ್ನು ಕರೆಸಿಕೊಂಡು ಹಾಡಿಸಿದರು. ಹಾಗೆ ಬಂದವರಲ್ಲಿ ಎ. ಪಿ. ಕಾರ್ಟರ್, ಅವರ ಪತ್ನಿ ಸಾರಾ, ಸಾರಾ ಅವರ ಸೋದರಸಂಬಂಧಿ ಮೇಬೆಲ್ ಸೇರಿದ್ದ ಕಾರ್ಟರ್ ಕುಟುಂಬವೂ ಒಂದು. ಸಾರಾ ಅವರ ಗಟ್ಟಿಯಾದ, ತಗ್ಗಿದ ಕಂಠ ಮುಖ್ಯ ಧಾಟಿಯನ್ನು ಹಿಡಿಯುತ್ತಿತ್ತು, ಮೇಬೆಲ್ ಗಿಟಾರ್ ನುಡಿಸುತ್ತ ಹಾರ್ಮನಿ ಸೇರಿಸುತ್ತಿದ್ದರು, ಎ. ಪಿ. ಕಾರ್ಟರ್ ಮಾತ್ರ ಮನಸ್ಸು ಬಂದಾಗ ಕೆಳದನಿಯಲ್ಲಿ ಬಂದು ಸೇರಿ, ಬೇಡವೆನಿಸಿದಾಗ ಸುಮ್ಮನಾಗುತ್ತಿದ್ದರು. ಈ ಅನಿಶ್ಚಿತ ಮೂರನೆಯ ದನಿಯಿಂದಾಗಿ ಅವರ ತಟ್ಟೆಗಳಲ್ಲಿ ಒಂದೇ ಹಾಡಿನ ಎರಡು ಚರಣಗಳು ಎರಡು ಬೇರೆ ಸಾಂದ್ರತೆಯಲ್ಲಿ ಕೇಳಿಸುತ್ತವೆ, ಮನೆಯ ಜಗಲಿಯ ಹಾಡುಗಾರಿಕೆ ಸ್ಟುಡಿಯೋದಲ್ಲಿಯೂ ತನ್ನ ಸಡಿಲತೆಯನ್ನು ಕಳೆದುಕೊಳ್ಳದೆ ಉಳಿದಿದೆ. ಸಾರಾ ಮತ್ತು ಎ. ಪಿ. ಅವರ ದಾಂಪತ್ಯ ಮುರಿದುಬಿದ್ದ ಮೇಲೂ ಮೂವರೂ ಕೆಲವು ವರ್ಷ ಒಟ್ಟಿಗೆ ಹಾಡಿದರು.

ಬ್ರಿಸ್ಟಲ್ ಧ್ವನಿಮುದ್ರಣದ ಹಿಂದೆ ಒಂದು ತಾಂತ್ರಿಕ ಬದಲಾವಣೆಯೂ ಇತ್ತು. 1925ಕ್ಕೆ ಮುಂಚೆ ಗಾಯಕರು ದೊಡ್ಡ ತುತ್ತೂರಿಯಂಥ ಕೊಳವೆಯೊಳಗೆ ಕೂಗಿ ಹಾಡಬೇಕಾಗಿತ್ತು. ಆ ವರ್ಷದಿಂದಾಚೆಗೆ ವಿದ್ಯುತ್ ಮೈಕ್ರೋಫೋನ್ ಬಳಕೆಗೆ ಬಂದು, ಪಿಸುಮಾತಿನಷ್ಟು ಮೆತ್ತಗೆ ಹಾಡಿದ್ದೂ ತಟ್ಟೆಯಲ್ಲಿ ಮೂಡತೊಡಗಿತು. ರೇಡಿಯೋ ಕೂಡ ಇದೇ ಕಾಲದಲ್ಲಿ ಹಳ್ಳಿಗಳನ್ನು ತಲುಪಿತು. ಒಂದೇ ಮೈಕಿನ ಮುಂದೆ ಇಬ್ಬರು ತಲೆ ತಾಗುವಷ್ಟು ಹತ್ತಿರ ನಿಂತು, ಪರಸ್ಪರರ ದನಿಯನ್ನು ಕೇಳಿಸಿಕೊಳ್ಳುತ್ತ, ಗಿಟಾರ್ ಮತ್ತು ಮ್ಯಾಂಡೊಲಿನ್‌ಗಳ ಅಲ್ಪ ಹಿಮ್ಮೇಳದೊಂದಿಗೆ ಹಾಡುವ ಶೈಲಿಯೊಂದು 1930ರ ದಶಕದಲ್ಲಿ ಜನಪ್ರಿಯವಾಗಿ, ಹಾಗೆ ಹಾಡುವವರಲ್ಲಿ ಹೆಚ್ಚಿನವರು ಒಡಹುಟ್ಟಿದವರೇ ಆಗಿದ್ದುದರಿಂದ ಸೋದರ ಯುಗಳವೆಂದೇ ಹೆಸರಾಯಿತು. ಅಲಬಾಮಾದ ಡೆಲ್ಮೋರ್ ಸೋದರರು ಮೆಲುದನಿಯಲ್ಲಿ ಬ್ಲೂಸ್ ಬೆರೆಸಿ ಹಾಡಿದರು. ಉತ್ತರ ಕ್ಯಾರೊಲಿನಾದ ಬಿಲ್ ಮತ್ತು ಅರ್ಲ್ ಬೋಲಿಕ್ ಅವರು ಬ್ಲೂ ಸ್ಕೈ ಬಾಯ್ಸ್ ಎಂಬ ಹೆಸರಿನಲ್ಲಿ ಹಳೆಯ ದುಃಖದ ಲಾವಣಿಗಳನ್ನು ಉದ್ವೇಗವಿಲ್ಲದೆ ಹೇಳಿದರು. ಕೆಂಟಕಿಯ ಚಾರ್ಲಿ ಮತ್ತು ಬಿಲ್ ಮನ್ರೋ ಅವರು ಅದೇ ಜೋಡಣೆಯನ್ನು ಏರುಶ್ರುತಿಗೂ ಬಿರುಸಾದ ಲಯಕ್ಕೂ ಒಯ್ದರು.

ಈ ಧಾರೆ ತುಟ್ಟತುದಿಯನ್ನು ಮುಟ್ಟಿದ್ದು ಲೂವಿನ್ ಸೋದರರಲ್ಲಿ ಎಂಬುದರ ಬಗ್ಗೆ ಕಂಟ್ರಿ ಸಂಗೀತವನ್ನು ಬಲ್ಲವರಲ್ಲಿ ಹೆಚ್ಚು ಭಿನ್ನಾಭಿಪ್ರಾಯವಿಲ್ಲ. 1924ರಲ್ಲಿ ಹುಟ್ಟಿದ ಐರಾ ಮತ್ತು 1927ರಲ್ಲಿ ಹುಟ್ಟಿದ ಚಾರ್ಲಿ ಅವರ ಮನೆತನದ ಹೆಸರು ಲೌಡರ್‌ಮಿಲ್ಕ್. ಅವರು ಬೆಳೆದದ್ದು ಸ್ಯಾಂಡ್ ಮೌಂಟನ್‌ನ ಹೆನಗರ್ ಊರಿನ ಹತ್ತಿ ಬೆಳೆಯುವ ಕುಟುಂಬದಲ್ಲಿ. ಬಾಲ್ಯದಲ್ಲಿಯೇ ಸೇಕ್ರೆಡ್ ಹಾರ್ಪ್ ಕೂಟಗಳ ಹಾಡನ್ನು ಕೇಳಿಕೊಂಡು, ತಾಯಿಯಿಂದ ಹಳೆಯ ಲಾವಣಿಗಳನ್ನು ಕಲಿತುಕೊಂಡು ಬಂದ ಇವರಿಗೆ ಎರಡು ದನಿಗಳ ಸ್ವತಂತ್ರ ಚಲನೆಯೆಂಬುದು ಹೊರಗಿನಿಂದ ಕಲಿತ ಪಾಠವಾಗಿರಲಿಲ್ಲ. ಚಾರ್ಲಿ ಮುಖ್ಯ ಧಾಟಿಯನ್ನೂ ಐರಾ ಅದರ ಮೇಲಿನ ಟೆನರ್ ದನಿಯನ್ನೂ ಹಾಡುವುದು ಇವರ ಸಾಮಾನ್ಯ ಕ್ರಮ. (ಸೇಕ್ರೆಡ್ ಹಾರ್ಪ್‌ನಲ್ಲಿ ಮೂಲ ಧಾಟಿಗಿದ್ದ ಟೆನರ್ ಎಂಬ ಹೆಸರು ಕಂಟ್ರಿಯಲ್ಲಿ ಅದರ ಮೇಲಿನ ದನಿಗೆ ಸಲ್ಲುತ್ತದೆ ಎಂಬುದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.) ಆದರೆ ಧಾಟಿ ಚಾರ್ಲಿ ಅವರ ಕಂಠಕ್ಕೆ ಮೀರಿ ಏರುವ ಕಡೆಯಲ್ಲಿ ಐರಾ ಅದನ್ನು ತಾವೇ ಎತ್ತಿಕೊಳ್ಳುತ್ತಿದ್ದರು, ಚಾರ್ಲಿ ಅದೇ ಕ್ಷಣದಲ್ಲಿ ಕೆಳಗಿನ ಹಾರ್ಮನಿಗೆ ಇಳಿಯುತ್ತಿದ್ದರು, ಸಾಲಿನ ನಡುವೆ, ಒಂದು ಪದ ಮುಗಿದು ಇನ್ನೊಂದು ಮೊದಲಾಗುವಷ್ಟರಲ್ಲಿ, ಕಣ್ಸನ್ನೆಯೂ ಇಲ್ಲದೆ ನಡೆಯುತ್ತಿದ್ದ ಈ ಅದಲುಬದಲು ಎಲ್ಲಿ ಆಯಿತೆಂದು ಗುರುತಿಸಲು ಪಳಗಿದ ಕಿವಿಗೂ ಎರಡು ಮೂರು ಸಲ ಕೇಳಬೇಕಾಗುತ್ತದೆ.

ಇಬ್ಬರ ಸ್ವಭಾವಗಳಲ್ಲಿ ಮಾತ್ರ ಇಂಥ ಮೇಳವಿರಲಿಲ್ಲ. ಐರಾ ಕುಡಿತಕ್ಕೂ ಕೋಪಕ್ಕೂ ತುತ್ತಾಗಿ, ಶ್ರುತಿ ತಪ್ಪಿದ ಮ್ಯಾಂಡೊಲಿನ್ನನ್ನು ವೇದಿಕೆಯ ಮೇಲೆಯೇ ಒಡೆದು ಹಾಕುವಷ್ಟು ಉಗ್ರರಾಗಿದ್ದರು. ಪಾಪ ಮತ್ತು ಪ್ರಾಯಶ್ಚಿತ್ತವನ್ನು ಕುರಿತು ಅವರು ಹಾಡುತ್ತಿದ್ದ ಭಕ್ತಿಗೀತೆಗಳಲ್ಲಿ ಕೇಳುವ ತಳಮಳ ಬರಿಯ ನಟನೆಯಲ್ಲ. 1955ರಲ್ಲಿ ನ್ಯಾಶ್‌ವಿಲ್‌ನ ಪ್ರತಿಷ್ಠಿತ ಗ್ರಾಂಡ್ ಓಲ್ ಆಪ್ರಿ ರೇಡಿಯೋ ಕಾರ್ಯಕ್ರಮವನ್ನು ಸೇರಿದ ಜೋಡಿ 1963ರಲ್ಲಿ ಒಡೆಯಿತು. 1965ರಲ್ಲಿ ಮಿಸೂರಿಯ ರಸ್ತೆ ಅಪಘಾತವೊಂದರಲ್ಲಿ ಐರಾ ತೀರಿಕೊಂಡರು. 2011ರವರೆಗೆ ಬದುಕಿದ್ದ ಚಾರ್ಲಿ ಒಂಟಿ ಗಾಯಕರಾಗಿ ಯಶಸ್ಸು ಕಂಡರಾದರೂ ಅವರ ಹೆಸರು ಉಳಿದಿರುವುದು ಎರಡು ದನಿಗಳ ಆ ತಟ್ಟೆಗಳಿಂದ.

ಒಡಹುಟ್ಟಿದವರ ದನಿ ಕೂಡುವಷ್ಟು ಬೇರೆಯವರ ದನಿ ಕೂಡಲಾರದು, ಅದು ರಕ್ತದಿಂದ ಬರುವ ಹಾರ್ಮನಿ ಎಂಬ ನಂಬಿಕೆ ಕಂಟ್ರಿ ವಲಯದಲ್ಲಿ ಗಟ್ಟಿಯಾಗಿದೆ. ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ಡಾನ್ ಮತ್ತು ಫಿಲ್ ಎವರ್ಲಿ. ತಂದೆ ಐಕ್ ಎವರ್ಲಿ ಅವರೊಂದಿಗೆ ಬಾಲ್ಯದಲ್ಲಿಯೇ ರೇಡಿಯೋದಲ್ಲಿ ಹಾಡಿದ ಈ ಸೋದರರು 1957ರಲ್ಲಿ ‘ಬೈ ಬೈ ಲವ್’ ಹಾಡಿನ ಮೂಲಕ ಸೋದರ ಯುಗಳದ ಹಳ್ಳಿಯ ಶೈಲಿಯನ್ನು ರಾಕ್ ಅಂಡ್ ರೋಲ್ ಯುಗದ ಹದಿಹರೆಯದವರಿಗೆ ಮುಟ್ಟಿಸಿದರು. ಡಾನ್ ಕೆಳಗಿನ ದನಿಯಲ್ಲಿ ಮೂಲ ಧಾಟಿಯನ್ನೂ ಫಿಲ್ ಮೇಲಿನದನ್ನೂ ಹಾಡುತ್ತಿದ್ದರೂ ಎರಡಕ್ಕೂ ಸಮಾನ ಬಲವಿರುತ್ತಿದ್ದುದರಿಂದ, ಕೇಳುಗರು ಗುನುಗಿಕೊಳ್ಳುವಾಗ ಎಷ್ಟೋ ಸಲ ಫಿಲ್ ಅವರ ಸಾಲನ್ನೇ ಧಾಟಿಯೆಂದು ಭಾವಿಸುವುದುಂಟು. ಎರಡನೆಯ ದನಿಗೆ ಇದಕ್ಕಿಂತ ದೊಡ್ಡ ಗೌರವವಿಲ್ಲ. ಬೀಟಲ್ಸ್ ತಂಡದವರೂ ಪಾಲ್ ಸೈಮನ್ ಮತ್ತು ಆರ್ಟ್ ಗಾರ್‌ಫಂಕಲ್ ಅವರೂ ಹಾರ್ಮನಿಯಲ್ಲಿ ಇವರಿಗೆ ಋಣಿಗಳು. 1973ರಲ್ಲಿ ವೇದಿಕೆಯ ಮೇಲೆಯೇ ಜಗಳವಾಗಿ ಬೇರೆಯಾದ ಎವರ್ಲಿಗಳು 1983ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮತ್ತೆ ಕೂಡಿ ಹಾಡಿದಾಗ ಹತ್ತು ವರ್ಷದ ಬಿರುಕು ದನಿಗಳಲ್ಲಿ ಕಾಣಲಿಲ್ಲ.

ರಕ್ತದ ವಾದದಲ್ಲಿ ಸತ್ಯಾಂಶವಿದೆ, ಆದರೆ ಅದು ಪೂರ್ತಿ ಸತ್ಯವಲ್ಲ. ಒಡಹುಟ್ಟಿದವರ ಗಂಟಲು, ಬಾಯಿ, ಮೂಗುಗಳ ರಚನೆ ಒಂದನ್ನೊಂದು ಹೋಲುವುದರಿಂದ ಅವರ ದನಿಯ ಬಣ್ಣದಲ್ಲಿ ಸಾಮ್ಯವಿರುತ್ತದೆ, ನಿಜ. ಅದಕ್ಕಿಂತ ಮುಖ್ಯವಾದದ್ದು ಉಚ್ಚಾರಣೆ. ಹಾಡಿನಲ್ಲಿ ದೀರ್ಘವಾಗಿ ನಿಲ್ಲುವುದು ವ್ಯಂಜನಗಳಲ್ಲ, ‘ಆ’, ‘ಈ’, ‘ಓ’ ಮೊದಲಾದ ಸ್ವರಾಕ್ಷರಗಳು. ಅವನ್ನು ಒಬ್ಬರು ಅಗಲವಾಗಿ, ಇನ್ನೊಬ್ಬರು ಸಂಕುಚಿತವಾಗಿ ಉಚ್ಚರಿಸಿದರೆ ಶ್ರುತಿ ಸರಿಯಿದ್ದರೂ ದನಿಗಳು ಬೆರೆಯುವುದಿಲ್ಲ. ಒಂದೇ ಮನೆಯಲ್ಲಿ, ಒಂದೇ ಆಡುಮಾತಿನಲ್ಲಿ ಬೆಳೆದವರಿಗೆ ಈ ಹೊಂದಾಣಿಕೆ ಮಾತಿನೊಂದಿಗೇ ಬಂದಿರುತ್ತದೆ, ಎಲ್ಲಿ ಉಸಿರೆಳೆಯಬೇಕು, ಯಾವ ಪದದ ಕೊನೆಯನ್ನು ಎಷ್ಟು ಬೇಗ ಮುಚ್ಚಬೇಕು ಎಂಬುದು ಚರ್ಚೆಯಿಲ್ಲದೆ ತಿಳಿದಿರುತ್ತದೆ. ಸಂಬಂಧಿಕರಲ್ಲದವರು ಇದನ್ನು ಅಭ್ಯಾಸದಿಂದ ಗಳಿಸಬೇಕಾಗುತ್ತದೆ, ಮತ್ತು ಗಳಿಸಿದವರೂ ಇದ್ದಾರೆ. 1973ರ ‘ಜಿಪಿ’ ಮತ್ತು ಮರುವರ್ಷದ ‘ಗ್ರೀವಸ್ ಏಂಜೆಲ್’ ಆಲ್ಬಂಗಳಲ್ಲಿ ಗ್ರಾಮ್ ಪಾರ್ಸನ್ಸ್ ಅವರ ಅಲುಗುವ, ಆತ್ಮವಿಶ್ವಾಸ ಕಡಿಮೆಯಿರುವ ಕಂಠಕ್ಕೆ ಎಮ್ಮಿಲೂ ಹ್ಯಾರಿಸ್ ಅವರ ಮೇಲುದನಿ ಕೊಡುವ ಆಸರೆಯನ್ನು ಯಾವ ರಕ್ತಸಂಬಂಧದಿಂದಲೂ ವಿವರಿಸಲಾಗದು; ಅದು ಒಬ್ಬ ಗಾಯಕಿ ಇನ್ನೊಬ್ಬರ ತಪ್ಪುಒಪ್ಪುಗಳನ್ನು ಮುಂಚಿತವಾಗಿ ಊಹಿಸಬಲ್ಲಷ್ಟು ತೀವ್ರವಾಗಿ ಕೇಳಿಸಿಕೊಂಡದ್ದರ ಫಲ.

ಮೂರು ದನಿಗಳ ಮಾತು ಬಂದರೆ ಬ್ಲೂಗ್ರಾಸ್ ಸಂಗೀತದ ಕಡೆಗೆ ತಿರುಗಬೇಕು. ಬಿಲ್ ಮನ್ರೋ ಅವರು 1940ರ ದಶಕದಲ್ಲಿ ರೂಪಿಸಿದ, ಬ್ಯಾಂಜೋ, ಪಿಟೀಲು, ಮ್ಯಾಂಡೊಲಿನ್‌ಗಳು ವೇಗವಾಗಿ ಓಡುವ ಈ ಪ್ರಕಾರದಲ್ಲಿ ನಡುವೆ ಲೀಡ್ ಎಂಬ ಮುಖ್ಯ ದನಿ, ಅದರ ಮೇಲೆ ಟೆನರ್, ಕೆಳಗೆ ಬ್ಯಾರಿಟೋನ್ ಇರುತ್ತವೆ. ಭಕ್ತಿಗೀತೆಗಳಿಗೆ ನಾಲ್ಕನೆಯದಾಗಿ ಬಾಸ್ ಸೇರುತ್ತದೆ, ಆಗ ವಾದ್ಯಗಳು ಬಹುಪಾಲು ಹಿಂದೆ ಸರಿಯುತ್ತವೆ. ಇವುಗಳಲ್ಲಿ ಯಾರ ಗಮನಕ್ಕೂ ಬಾರದ್ದು ಬ್ಯಾರಿಟೋನ್. ಲೀಡ್ ಮತ್ತು ಟೆನರ್ ಸ್ವರಗುಚ್ಛದ ಎರಡು ಸ್ವರಗಳನ್ನು ಆರಿಸಿಕೊಂಡ ಮೇಲೆ ಉಳಿದ ಮೂರನೆಯದನ್ನು ತುಂಬುವುದಷ್ಟೇ ಅದರ ಪಾಲಿಗೆ ಬರುವುದರಿಂದ, ಬ್ಯಾರಿಟೋನ್ ಸಾಲನ್ನು ಬಿಡಿಯಾಗಿ ಹಾಡಿದರೆ ಅದು ಧಾಟಿಯೇ ಅಲ್ಲವೆನ್ನುವಷ್ಟು ಅಂಕುಡೊಂಕಾಗಿರುತ್ತದೆ. ನೆನಪಿಟ್ಟುಕೊಳ್ಳಲು ಅತ್ಯಂತ ಕಷ್ಟವಾದದ್ದೂ ಅದೇ. ಈ ಜೋಡಣೆಯನ್ನು ತಲೆಕೆಳಗು ಮಾಡಿದ ಪ್ರಯೋಗಗಳೂ ನಡೆದವು. ರಾಲ್ಫ್ ಅವರಿದ್ದ ಸ್ಟ್ಯಾನ್ಲಿ ಸೋದರರ ತಂಡದಲ್ಲಿ ಪೀ ವೀ ಲ್ಯಾಂಬರ್ಟ್ ಅವರು ಬ್ಯಾರಿಟೋನ್ ಸ್ವರಗಳನ್ನು ಒಂದು ಸ್ಥಾಯಿ ಮೇಲಕ್ಕೆತ್ತಿ ಟೆನರ್‌ಗಿಂತಲೂ ಮೇಲೆ ಹಾಡಿದರು. ಓಸ್ಬೋರ್ನ್ ಸೋದರರು 1958ರಲ್ಲಿ ಹೊರತಂದ ‘ಒನ್ಸ್ ಮೋರ್’ ಹಾಡಿನಲ್ಲಿ ಬಾಬಿ ಓಸ್ಬೋರ್ನ್ ಅವರ ಅತಿ ಎತ್ತರದ ಕಂಠಕ್ಕೆ ಮೂಲ ಧಾಟಿಯನ್ನು ಒಪ್ಪಿಸಿ, ಉಳಿದೆರಡು ದನಿಗಳನ್ನೂ ಅದರ ಕೆಳಗೆ ಜೋಡಿಸಿದರು. ಧಾಟಿ ಮೇಲಿರುವುದರಿಂದ ಹಾಡು ಹೆಚ್ಚು ಸ್ಪಷ್ಟವಾಗಿ ಕೇಳಿಸುತ್ತದೆ. ಆದರೆ ಮೇಲಿನ ದನಿ ಧಾಟಿಯನ್ನು ಎಳೆದೊಯ್ಯುವ ಹಳೆಯ ಕ್ರಮದ ಬಿಗುಪು ಅದರಲ್ಲಿ ತಗ್ಗುತ್ತದೆ.

ನಗರದ ಜಾನಪದ ಪುನರುಜ್ಜೀವನವು, ಅಂದರೆ ವೀವರ್ಸ್, ಕಿಂಗ್‌ಸ್ಟನ್ ಟ್ರಯೊ, ಪೀಟರ್ ಪಾಲ್ ಅಂಡ್ ಮೇರಿ ಮೊದಲಾದ ತಂಡಗಳು, ಹಾರ್ಮನಿಯನ್ನು ಲಕ್ಷಾಂತರ ಮಂದಿಗೆ ಮುಟ್ಟಿಸಿದವಾದರೂ ಅದರ ಒರಟು ಅಂಚುಗಳನ್ನು ಉಜ್ಜಿ ನಯಮಾಡಿದವು. ಬೆಟ್ಟದ ದನಿಯನ್ನು ಹೆಚ್ಚು ಗಂಭೀರವಾಗಿ ಅಭ್ಯಾಸ ಮಾಡಿದವರು ಅವರ ನಂತರದ ತಲೆಮಾರಿನವರು. ಎಮ್ಮಿಲೂ ಹ್ಯಾರಿಸ್ 1975ರಲ್ಲಿ ಲೂವಿನ್ ಸೋದರರ ಹಾಡೊಂದರಿಂದಲೇ ಮೊದಲ ದೊಡ್ಡ ಯಶಸ್ಸನ್ನು ಕಂಡರು. 1987ರಲ್ಲಿ ಡಾಲಿ ಪಾರ್ಟನ್ ಮತ್ತು ಲಿಂಡಾ ರೋನ್‌ಸ್ಟಾಟ್ ಅವರೊಂದಿಗೆ ‘ಟ್ರಯೊ’ ಎಂಬ ಆಲ್ಬಂ ಮಾಡಿ, ತೀರ ಭಿನ್ನ ಬಣ್ಣದ ಮೂರು ಪ್ರಸಿದ್ಧ ಕಂಠಗಳು ಸರದಿಯಲ್ಲಿ ಹಿಂದೆ ಸರಿಯುವುದನ್ನು ಕಲಿತರೆ ಏನಾಗುತ್ತದೆಂಬುದನ್ನು ತೋರಿಸಿದರು. 2000ದ ‘ಓ ಬ್ರದರ್, ವೇರ್ ಆರ್ಟ್ ದೌ?’ ಚಲನಚಿತ್ರದ ಹಾಡುಗಳ ಸಂಪುಟಕ್ಕೆ 2002ರಲ್ಲಿ ವರ್ಷದ ಆಲ್ಬಂ ಎಂಬ ಗ್ರ್ಯಾಮಿ ಪ್ರಶಸ್ತಿ ದೊರೆತು, ಎಪ್ಪತ್ತೈದರ ಆಸುಪಾಸಿನಲ್ಲಿದ್ದ ರಾಲ್ಫ್ ಸ್ಟ್ಯಾನ್ಲಿ ಅವರಿಗೂ ಅದರಲ್ಲಿಯ ಗಾಯನಕ್ಕೆ ಪ್ರತ್ಯೇಕ ಗ್ರ್ಯಾಮಿ ಬಂದಿತು. 2003ರ ‘ಕೋಲ್ಡ್ ಮೌಂಟನ್’ ಚಿತ್ರಕ್ಕಾಗಿ ಸ್ಯಾಂಡ್ ಮೌಂಟನ್ ಸೀಮೆಯ ಹಾಡುಗಾರರೇ ಸೇಕ್ರೆಡ್ ಹಾರ್ಪ್ ಗೀತೆಗಳನ್ನು ಹಾಡಿದರು. ಇಂದು ಇಂಗ್ಲೆಂಡ್, ಐರ್ಲೆಂಡ್, ಜರ್ಮನಿ, ಪೋಲೆಂಡ್‌ಗಳಲ್ಲಿಯೂ ಚೌಕವಾಗಿ ಕೂತು ಹಾಡುವ ಕೂಟಗಳಿವೆ.

ಮುಖ್ಯವಾಹಿನಿಯ ಕಂಟ್ರಿ ಸ್ಟುಡಿಯೋ ಮಾತ್ರ ಬೇರೆ ದಾರಿ ಹಿಡಿದಿದೆ. ಒಬ್ಬರೇ ಗಾಯಕರು ಎಲ್ಲ ದನಿಗಳನ್ನೂ ಒಂದಾದ ಮೇಲೊಂದರಂತೆ ಮುದ್ರಿಸುವುದು, ಜೊತೆಗಾರರು ಬೇರೆ ದಿನ ಬೇರೆ ಕೊಠಡಿಯಲ್ಲಿ ಹಾಡಿ ಹೋಗುವುದು, ಆಮೇಲೆ ಕಂಪ್ಯೂಟರಿನಲ್ಲಿ ಪ್ರತಿ ಸ್ವರವನ್ನೂ ಪಿಯಾನೋದ ಸಮ ಹಂಚಿಕೆಗೆ ಎಳೆದು ಕೂರಿಸುವುದು ಸಾಮಾನ್ಯವಾಗಿದೆ. ಗಾಂಧಾರವನ್ನು ಜೊತೆಗಾರರ ಸಲುವಾಗಿ ಕೂದಲೆಳೆಯಷ್ಟು ಇಳಿಸುವ ಕೆಲಸಕ್ಕೆ ಅಲ್ಲಿ ಎಡೆಯೇ ಇಲ್ಲ. ಎಲ್ಲವೂ ಶುದ್ಧವಾಗಿ ಕೇಳಿಸುವ ಇಂಥ ಧ್ವನಿಮುದ್ರಣಗಳು ನೀರಸವಾಗಿ ಕೇಳಿಸುವುದರ ಕಾರಣಗಳಲ್ಲಿ ಇದೂ ಒಂದು.

ಕರ್ನಾಟಕಕ್ಕೆ ಹಲವು ದನಿಗಳ ಹಾಡುಗಾರಿಕೆ ಪೂರ್ಣವಾಗಿ ಹೊರಗಿನದೆಂದು ಹೇಳಲಾಗದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಪರಂಪರೆಯ ಚರ್ಚುಗಳಲ್ಲಿ ಕನ್ನಡದ ಭಕ್ತಿಗೀತೆಗಳನ್ನು ಯುರೋಪಿನ ಧಾಟಿಗಳಲ್ಲಿ, ಹೆಂಗಸರ ಎರಡು ಮತ್ತು ಗಂಡಸರ ಎರಡು ದನಿಗಳಿಗೆ ಹಂಚಿ ಹಾಡುವ ಅಭ್ಯಾಸವಿದೆ. ಇದು ಪಾಠಪುಸ್ತಕದ ನಿಯಮಗಳಿಗೆ ಬದ್ಧವಾದ ಹಾರ್ಮನಿಯೇ ಹೊರತು ಬೆಟ್ಟದ ಹಾಡಿನ ಒರಟು ಹಾರ್ಮನಿಯಲ್ಲ. ಆದರೂ ದೀರ್ಘವಾದ ಕನ್ನಡ ಪದಗಳು ಏಕಕಾಲಕ್ಕೆ ನಾಲ್ಕು ಸ್ವರಗಳಲ್ಲಿ ಹೇಗೆ ಕೇಳಿಸುತ್ತವೆಂಬುದನ್ನು ಅರಿಯಲು ಕರಾವಳಿಯ ಇಂಥ ಗಾಯನವೃಂದಗಳನ್ನು ಕೇಳಬಹುದು. ಕಂಟ್ರಿ ಹಾರ್ಮನಿಯನ್ನು ಹೊಸದಾಗಿ ಕೇಳಬಯಸುವವರು ಎವರ್ಲಿ ಸೋದರರ 1958ರ ‘ಸಾಂಗ್ಸ್ ಅವರ್ ಡ್ಯಾಡಿ ಟಾಟ್ ಅಸ್’ ಆಲ್ಬಂನಿಂದ ಆರಂಭಿಸುವುದು ಲೇಸು, ಏಕೆಂದರೆ ಅದರಲ್ಲಿ ಗಿಟಾರ್ ಮತ್ತು ಬಾಸ್ ವಾದ್ಯವನ್ನು ಬಿಟ್ಟರೆ ಹೆಚ್ಚಿನ ಹಿಮ್ಮೇಳವಿಲ್ಲದ್ದರಿಂದ ಎರಡೂ ದನಿಗಳು ನಿಚ್ಚಳವಾಗಿ ಕೇಳಿಸುತ್ತವೆ. ಅದರ ಬೆನ್ನಿಗೆ ಲೂವಿನ್ ಸೋದರರ 1956ರ ‘ಟ್ರ್ಯಾಜಿಕ್ ಸಾಂಗ್ಸ್ ಆಫ್ ಲೈಫ್’ ಕೇಳಬೇಕು. ಹಾಡನ್ನು ಒಂದು ಸಲ ಎಂದಿನಂತೆ ಕೇಳಿ, ಎರಡನೆಯ ಸಲ ಮುಖ್ಯ ಧಾಟಿಯನ್ನು ಪೂರ್ತಿ ಮರೆತು ಮೇಲಿನ ದನಿಯೊಂದನ್ನೇ ಮೊದಲಿನಿಂದ ಕೊನೆಯವರೆಗೆ ಹಿಂಬಾಲಿಸಬೇಕು, ಸಾಧ್ಯವಾದರೆ ಅದನ್ನೇ ಗುನುಗಿಕೊಳ್ಳಬೇಕು.